ವಾಪಸ್ ಬಂದ ಕಾರ್ಡು

"ಆ ಮಿಷಿನ್ನ ಗುಜರಿಗೆ ಆಕ್ಬುಡು ಕಣವ್ವ," ಎಂದರು ಅತ್ತೆ ಸೋಮಮ್ಮ. "ಅದೇ ನನ್ ಮಗನ್ನ ತಿನ್ಕತು."

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ. ಸೋಮವಾರ. ಹಾಲಿನವನು ಬಂದಿದ್ದ. ನಲ್ಲಿಯಲ್ಲಿ ನೀರು ಬಂದಿತ್ತು. ಎದುರುಮನೆಯವರು ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿಕೊಂಡಿದ್ದರು. ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಕೋಣೆಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು.

ಆರಿಸಿ ಮತ್ತೆ ಒತ್ತಿದೆ. ಮತ್ತೆ ಕಪ್ಪು. ಐದನೆಯ ಸಲ ಮೇಜಿಗೆ ಗುದ್ದಿದೆ. ಕೈ ನೋವಾಯಿತು, ಅಷ್ಟೆ.

ನನ್ನ ಗಂಡ ನಿಂಗರಾಜು ಹನೂರಿನಲ್ಲೇ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಹೋದ ವಾರದ ಹಿಂದಿನ ಗುರುವಾರ ಸಂಜೆ, ಕೊಳ್ಳೇಗಾಲಕ್ಕೆ ಹೋಗಿ ಊಟದ ಹೊತ್ತಿಗೆ ಬರುತ್ತೇನೆ ಎಂದು ಬೈಕು ಹತ್ತಿದವನು, ಕೊಳ್ಳೇಗಾಲ ದಾಟಿ ಯಳಂದೂರು ರಸ್ತೆಯಲ್ಲಿ ಮಾಂಬಳ್ಳಿಯ ಹತ್ತಿರ ಕಾಲುವೆಯಲ್ಲಿ ಸಿಕ್ಕಿದ. ಮನೆಯ ದಿಕ್ಕಿಗೆ ಪೂರ್ತಿ ವಿರುದ್ಧ. ಆ ಕಡೆ ನಮಗೆ ನೆಂಟರಿಲ್ಲ, ಅವನಿಗೆ ಕೆಲಸವಿರಲಿಲ್ಲ. ಆ ಕಡೆ ಅವನಿಗೆ ಯಾರೋ ಇದ್ದರು ಎಂದು ತಿಥಿಯ ಊಟದ ಸಾಲಿನಲ್ಲೇ ಮಾತಾಡಿಕೊಂಡರು. ನಾನು ಬಡಿಸುತ್ತಿದ್ದೆ. ಕೇಳಿಸಿತು.

ಠಾಣೆಯವರು ಒಂದು ಕಾಗದ ಟೈಪ್ ಮಾಡಿಸಿ ಇಟ್ಟಿದ್ದಾರೆ. 'ನನ್ನ ಗಂಡನ ಸಾವಿನಲ್ಲಿ ನನಗೆ ಯಾವ ಅನುಮಾನವೂ ಇರುವುದಿಲ್ಲ.' ಬುಧವಾರ ಹೋಗಿ ಸಹಿ ಹಾಕಬೇಕು. ಹಾಕಿದರೆ ಮುಗಿಯಿತು. ಅವನು ಎಲ್ಲಿಗೆ ಹೊರಟಿದ್ದ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಊರಿನವರ ಬಳಿ ಉತ್ತರ ಆಗಲೇ ಇದೆ.

ಆ ಗುರುವಾರ ಮಧ್ಯಾಹ್ನವೆಲ್ಲ ಅವನು ಕೂತಿದ್ದು ಈ ಯಂತ್ರದ ಮುಂದೆ. ಏನಾದರೂ ಉಳಿದಿದ್ದರೆ ಇದರೊಳಗೇ ಇರಬೇಕು ಎಂದುಕೊಂಡೆ.

ಇದಕ್ಕೆ ಒಂಬತ್ತು ವರ್ಷ. ಡಿಪ್ಲೊಮಾ ಓದುವಾಗ ಕೊಂಡದ್ದು. ಹೊಸ ಗೇಮು ಒಂದೂ ನೆಟ್ಟಗೆ ಓಡುತ್ತಿರಲಿಲ್ಲ. ಹದಿನೈದು ಸಾವಿರದೊಳಗೆ ಇದನ್ನು ಎಬ್ಬಿಸಿ ನಿಲ್ಲಿಸಬೇಕೆಂದು ಮೂರು ತಿಂಗಳಿಂದ ಪಟ್ಟಿ ಬರೆಯುತ್ತಿದ್ದ. ಪ್ರೊಸೆಸರ್ ಬದಲಿಸಿದರೆ ಬೋರ್ಡು ಬದಲಿಸಬೇಕು. ಬೋರ್ಡು ಬದಲಿಸಿದರೆ ಹಳೆಯ ರ‍್ಯಾಮು ಕೂರುವುದಿಲ್ಲ. ಅಲ್ಲಿಗೆ ಮೂವತ್ತು ಸಾವಿರ. ಪಟ್ಟಿ ಹರಿದು ಮತ್ತೆ ಬರೆಯುತ್ತಿದ್ದ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಅವನು ಹೋಗುವ ಹಿಂದಿನ ದಿನ ನಾನು ರೇಗಿದ್ದೆ. ಇನ್ನೊಂದು ಸಲ ಆ ಪಟ್ಟಿ ಆಚೆ ತೆಗೆದರೆ ಸಾರಿನ ಪಾತ್ರೆಗೆ ಹಾಕುತ್ತೇನೆ ಎಂದಿದ್ದೆ. ಅವನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಮಜ್ಜಿಗೆ ಕೇಳಿದ.

ಕೊನೆಗೆ ಎಲ್ಲವನ್ನೂ ಬಿಟ್ಟು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಒಂದನ್ನೇ ಬದಲಿಸುವುದೆಂದು ತೀರ್ಮಾನಿಸಿದ್ದ. ಹಳೆಯದನ್ನು ಕೊಳ್ಳೇಗಾಲದ ಅಂಗಡಿಗೆ ಕೊಟ್ಟು, ಮೇಲೆ ದುಡ್ಡು ಹಾಕಿ, ಯಾರೋ ಬಳಸಿ ಬಿಟ್ಟ ಎಂಟು ಜಿಬಿ ಕಾರ್ಡು ತರುವುದು. ಗುರುವಾರ ನನ್ನ ಎದುರಿಗೇ ಹಳೆಯ ಕಾರ್ಡನ್ನು ಬಿಚ್ಚಿದ. ಹಳೆ ಬನಿಯನ್ನಿನಲ್ಲಿ ಸುತ್ತಿದ. ರಬ್ಬರ್ ಬ್ಯಾಂಡು ಕೇಳಿದ. ನಾನೇ ತಂದುಕೊಟ್ಟೆ. ಚೀಲಕ್ಕೆ ಹಾಕಿಕೊಂಡು ಹೊರಟ.

ಕಾರ್ಡಿಲ್ಲದೆ ಪರದೆ ಬರಲಾರದೇನೋ ಎಂದು ಡಬ್ಬದ ಪಕ್ಕದ ತಗಡು ತೆಗೆಯಲು ಕೂತೆ.

ನಾಲ್ಕು ಸ್ಕ್ರೂ. ನಾಲ್ಕನ್ನೂ ಯಾರೋ ಬಿಗಿಯಾಗಿ ತಿರುಗಿಸಿದ್ದರು. ನಿಂಗರಾಜು ಯಾವತ್ತೂ ಒಂದೇ ಸ್ಕ್ರೂ ಹಾಕುತ್ತಿದ್ದ, ಅದೂ ಕೈಯಲ್ಲಿ. ದಿನಕ್ಕೊಮ್ಮೆ ಬಿಚ್ಚುವವನಿಗೆ ನಾಲ್ಕು ಸ್ಕ್ರೂ ಯಾಕೆ? ಉಳಿದ ಮೂರು ಮೇಜಿನ ಮೇಲಿನ ಬಾಟಲಿ ಮುಚ್ಚಳದಲ್ಲಿ ಬಿದ್ದಿರುತ್ತಿದ್ದವು. ಈಗ ಮುಚ್ಚಳ ಖಾಲಿ.

ತಗಡು ಸರಿಸಿದೆ. ಒಳಗೆ ಕಾರ್ಡು ಕೂತಿತ್ತು.

ಹೊಸದಲ್ಲ. ಅದೇ. ಫ್ಯಾನಿನ ಒಂದು ರೆಕ್ಕೆ ಮುರಿದು ಅವನು ಗಮ್ಮು ಹಾಕಿ ಅಂಟಿಸಿದ್ದ ಹಳೆಯ ಕಾರ್ಡು. ಚೀಲದಲ್ಲಿ ಅವನ ಜೊತೆ ಮನೆ ಬಿಟ್ಟುಹೋದದ್ದು. ಕಾಲುವೆಯ ಹತ್ತಿರ ಸಿಕ್ಕಿದ ಚೀಲದಲ್ಲಿ ರೇನ್‌ಕೋಟು ಬಿಟ್ಟರೆ ಏನೂ ಇರಲಿಲ್ಲ.

ಅತ್ತೆ ಒಮ್ಮೆ ಬಾಗಿಲಲ್ಲಿ ಬಂದು ನಿಂತು ಹೋದರು.

ಕಾರ್ಡಿಗೆ ಕರೆಂಟು ಕೊಡುವ ವೈರು ಪಕ್ಕದಲ್ಲಿ ತೂಗಾಡುತ್ತಿತ್ತು. ಕಾರ್ಡನ್ನು ಕೂರಿಸಿದವರು ಅದನ್ನು ಸಿಕ್ಕಿಸುವಷ್ಟು ಹೊತ್ತೂ ನಿಂತಿಲ್ಲ. ಸಿಕ್ಕಿಸಿದೆ. ಗುಂಡಿ ಒತ್ತಿದೆ. ಪರದೆ ಬಂತು, ಪಾಸ್‌ವರ್ಡ್ ಕೇಳಿತು. ಅವನ ಹುಟ್ಟಿದ ದಿನ ಹಾಕಿದೆ. ನನ್ನದು ಹಾಕಿದೆ. ಮದುವೆಯ ದಿನ, ಬೈಕಿನ ನಂಬರು, ಅತ್ತೆಯ ಹೆಸರು. ಯಾವುದೂ ಅಲ್ಲ. ನಾಲ್ಕು ವರ್ಷ ಅವನ ಜೊತೆ ಬಾಳಿದ್ದಕ್ಕೆ ನನಗೆ ಗೊತ್ತಿದ್ದದ್ದು ಅಷ್ಟೇ.

ಆರಿಸಿ, ಕಾರ್ಡನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬೋರ್ಡಿಗೆ ಕೂರುವ ಚಿನ್ನದ ಬಣ್ಣದ ಅಂಚನ್ನು ಯಾರೋ ರಬ್ಬರಿನಿಂದ ಉಜ್ಜಿದ್ದರು. ರಬ್ಬರಿನ ಪುಡಿ ಇನ್ನೂ ಅಂಟಿಕೊಂಡಿತ್ತು. ಅದು ರಿಪೇರಿ ಅಂಗಡಿಯವರ ರೂಢಿ. ಆದರೆ ಹಿಂಬದಿಯ ತಗಡಿನ ಮೇಲಿದ್ದದ್ದು ಯಾವ ಅಂಗಡಿಯ ರೂಢಿಯೂ ಅಲ್ಲ. ಮೂರು ಬೆರಳಿನಲ್ಲಿ ಎಳೆದ ವಿಭೂತಿ. ನಿಂಗರಾಜು ಆಯುಧ ಪೂಜೆಯ ದಿನವೂ ಕುಂಕುಮ ವಿಭೂತಿಯನ್ನು ಯಂತ್ರದ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಫ್ಯಾನಿನೊಳಗೆ ಪುಡಿ ಹೋಗುತ್ತದೆ ಎಂದು ಅತ್ತೆಯ ಜೊತೆ ಪ್ರತಿ ವರ್ಷ ಜಗಳ.

"ಅತ್ತೆ, ಈ ಕೋಣೆಗೆ ಯಾರು ಬಂದಿದ್ರು?"

ಅವರು ಹೊರಗಡೆ ಅವರೆಕಾಯಿ ಸುಲಿಯುತ್ತಿದ್ದರು. ಸಾವಿನ ಮನೆಗೆ ಯಾರು ಬಂದರು ಯಾರು ಹೋದರು ಎಂದು ಲೆಕ್ಕ ಇಡುವುದಕ್ಕೆ ಆಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಆಮೇಲೆ, ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ, ತಾವಾಗಿ ಹೇಳಿದರು. ಮೂರನೆಯ ದಿನ, ಹಾಲುತುಪ್ಪ ಬಿಡಲು ನಾವೆಲ್ಲ ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಹೋಗಿದ್ದೆವು. ಮಂಡಿ ನೋವೆಂದು ಅವರೊಬ್ಬರೇ ಮನೆಯಲ್ಲಿದ್ದರು. ಆಗ ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಯವರು ಬಂದರು.

"ನಿಂಗರಾಜು ಕಿಲೀನ್ ಮಾಡು ಅಂದಿದ್ದ, ಮಾತ್ಗೆ ತಪ್ಪುಬಾರ್ದು ಅಂದ್ರು. ಪಾಪ, ಕಣ್ಣೀರ್ ಆಕಂಡ್ರು. ನಾನೇ ಒಳಕ್ ಬುಟ್ಟೆ."

ನಾನು ಸೀರೆ ಬದಲಿಸಿ ಬಂದಾಗ ಅವರು ಎದ್ದು ನಿಂತಿದ್ದರು. ಇವತ್ತೇ ಆಚೆ ಹೋಗುತ್ತೀಯಾ, ಜನ ಏನು ಅಂದುಕೊಳ್ಳುತ್ತಾರೆ ಎಂದರು. ಅಂದುಕೊಳ್ಳುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಬಸ್ಸಿಗೆ ಚಿಲ್ಲರೆ ಇದೆಯಾ ಎಂದು ಕೇಳಿದರು.

*

ಶಿವರುದ್ರಸ್ವಾಮಿಯವರ ಅಂಗಡಿ ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಐವತ್ತು ದಾಟಿದವರು, ಹಣೆಗೆ ಅಗಲವಾಗಿ ವಿಭೂತಿ. ಹೊಸ ಸಾಮಾನು ಕಡಿಮೆ. ಗೋಡೆ ತುಂಬ ಬಿಚ್ಚಿದ ಡಬ್ಬಗಳು, ತಂತಿಯ ಸಿಂಬಿಗಳು. ನಿಂಗರಾಜು ಆ ದಿನ ಅಂಗಡಿಗೆ ಬರಲೇ ಇಲ್ಲ ಎಂದು ಪೊಲೀಸರಿಗೆ ಹೇಳಿದ್ದವರು ಇವರೇ. ಆ ಒಂದು ಮಾತಿನಿಂದಲೇ ಊರಿನವರಿಗೆ ಧೈರ್ಯ ಬಂದದ್ದು. ಅಂಗಡಿಗೆಂದು ಸುಳ್ಳು ಹೇಳಿ ಬೇರೆಲ್ಲಿಗೋ ಹೋದ, ಎಂದು.

ನನ್ನನ್ನು ನೋಡಿ ಎದ್ದರು. ಕುರ್ಚಿ ಒರೆಸಿದರು. ಹೀಗಾಗಬಾರದಿತ್ತು ಎಂದರು. ಟೀ ತರಿಸಲಾ ಎಂದರು. ನಾನು ಕೂರಲಿಲ್ಲ.

"ಗುರುವಾರ ಅವರು ಬಂದಿರಲಿಲ್ಲ ಅಂದಿರಂತೆ."

"ಬಂದಿರ್ನಿಲ್ಲ ಕಣಮ್ಮ. ಪೊಲೀಸ್ನೋರ್ಗೂ ಅದನ್ನೇ ಯೋಳಿದ್ದೀನಿ."

ಟವಲಿನಲ್ಲಿ ಸುತ್ತಿ ತಂದಿದ್ದ ಕಾರ್ಡನ್ನು ಬಿಚ್ಚಿ ಅವರ ಕೌಂಟರಿನ ಮೇಲಿಟ್ಟೆ.

ಅವರು ಹಿಂದೆ ಸರಿದರು. ಬೆನ್ನು ಕಪಾಟಿಗೆ ತಾಗಿ ಅಲ್ಲಿದ್ದ ಕೀಬೋರ್ಡು ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಮೌಸ್ ಕೇಳಲು ಬಂದ ಒಬ್ಬರನ್ನು ಸಂಜೆ ಬನ್ನಿ ಎಂದು ಕಳಿಸಿದರು.

"ಅದ ಇಲ್ ಮಡಗ್ಬ್ಯಾಡಿ," ಎಂದರು. "ಎತ್ಕಳಿ ಮೊದ್ಲು."

"ಇದು ಅವರ ಚೀಲದಲ್ಲಿತ್ತು. ರಬ್ಬರ್ ಬ್ಯಾಂಡು ನಾನೇ ಕೊಟ್ಟಿದ್ದೆ. ಅವರು ಇಲ್ಲಿಗೆ ಬರದೇ ಇದ್ದರೆ ನಿಮ್ಮ ಕೈಗೆ ಹೇಗೆ ಬಂತು?"

"ನನ್ ಕೈಗೆ ಬಂದದೆ ಅಂತ ಯಾರ್ ಅಂದ್ರು?"

"ನಿಮ್ಮ ಮೂರು ಬೆರಳಿದೆ ಅದರ ಮೇಲೆ."

ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. ನಾನು ಕಾಯುತ್ತ ನಿಂತೆ. ಆ ಹನ್ನೊಂದು ದಿನದಲ್ಲಿ ನನಗೆ ಅಭ್ಯಾಸವಾಗಿದ್ದದ್ದು ಅದೊಂದೇ. ಅವರು ಮಾತ್ರ ಕಾಯಲಾರದೆ ಹೋದರು.

"ಮೊದ್ಲು ಎತ್ಕಳಿ. ಯೋಳ್ತೀನಿ."

ನಾನು ಎತ್ತಲಿಲ್ಲ. ಅದು ಅಲ್ಲೇ ಇರುವಾಗಲೇ ಅವರು ಹೇಳಬೇಕಾಯಿತು.

ನಿಂಗರಾಜು ಬಂದಿದ್ದ. ಆರೂವರೆಗೆ. ಸೆಕೆಂಡ್ ಹ್ಯಾಂಡ್ ಕಾರ್ಡು ನೋಡಿ ಮೆಚ್ಚಿದ. ದುಡ್ಡು ಕೊಡಲು ಜೇಬಿಗೆ ಕೈ ಹಾಕಿದವನನ್ನು ಶಿವರುದ್ರಸ್ವಾಮಿಯವರೇ ತಡೆದು, ಮನೆಯ ಮಿಷಿನ್ನಿನಲ್ಲಿ ಎಸ್‌ಎಂಪಿಎಸ್ ಯಾವುದು ಎಂದು ಕೇಳಿದರು. ಎಸ್‌ಎಂಪಿಎಸ್ ಎಂದರೆ ಯಂತ್ರದ ಮೂಲೆಯಲ್ಲಿ ಕೂತು ಎಲ್ಲಕ್ಕೂ ಕರೆಂಟು ಹಂಚುವ ಡಬ್ಬ. ಒಂಬತ್ತು ವರ್ಷದ ಹಿಂದಿನದೇ, ಲೋಕಲ್ಲು, ಎಂದ. ಆ ಡಬ್ಬ ಈ ಕಾರ್ಡಿನ ಭಾರ ಹೊರುವುದಿಲ್ಲ, ಇದಕ್ಕೆ ಬೇಕಾದ ಎಂಟು ಪಿನ್ನಿನ ವೈರೂ ಅದರಲ್ಲಿಲ್ಲ, ಹೇಗೋ ಸಿಕ್ಕಿಸಿದರೆ ಎರಡೂ ಸುಟ್ಟುಹೋಗುತ್ತವೆ ಎಂದು ಇವರು ಹೇಳಿದರು.

"ಎಲ್ರೂ ಮಾಡಾ ತಪ್ಪೇ ಕಣಮ್ಮ. ಕಣ್ಗೆ ಕಾಣಾದ್ಕೆ ದುಡ್ ಆಕ್ತಾರೆ. ಆ ಡಬ್ಬುನ್ನ ಯಾರೂ ನೆನ್ಸ್ಕಳದೇ ಇಲ್ಲ. ಜೇಬಿಂದ ಪಟ್ಟಿ ತೆಗುದು ನೋಡ್ದ. ಮೂರ್ ತಿಂಗ್ಳು ಬರ್ದಿದ್ದ ಪಟ್ಟೀಲಿ ಅದೊಂದೇ ಇರ್ನಿಲ್ಲ. ತಲೆ ಮೇಲೆ ಕೈ ಇಟ್ಕಂಡು ಅಲ್ಲೇ ನಿಂತ್ಬುಟ್ಟ."

ನಾನು ಸಾರಿನ ಪಾತ್ರೆಗೆ ಹಾಕುತ್ತೇನೆ ಎಂದಿದ್ದ ಪಟ್ಟಿ. ಅದನ್ನು ಒಂದು ದಿನವಾದರೂ ಕೈಗೆ ತೆಗೆದುಕೊಂಡು ಓದಿದ್ದರೆ ನನಗೇನು ತಿಳಿಯುತ್ತಿತ್ತು? ಏನೂ ಇಲ್ಲ. ಆದರೂ ಓದಬಹುದಿತ್ತು.

ಹೊಸ ಎಸ್‌ಎಂಪಿಎಸ್‌ಗೆ ಅವನ ಹತ್ತಿರ ದುಡ್ಡಿರಲಿಲ್ಲ. ಆಗ ಅವನಿಗೆ ನೆನಪಾದದ್ದು ಯಳಂದೂರು ರಸ್ತೆಯಲ್ಲಿ ಮಾಂಬಳ್ಳಿಯ ಪಕ್ಕದ ಅಗರದ ಮಾದಸ್ವಾಮಿ. ಹಿಂದೆ ಬ್ರೌಸಿಂಗ್ ಸೆಂಟರ್ ಇಟ್ಟು ಮುಚ್ಚಿದವರು. ಅವರ ಮನೆಯ ಅಟ್ಟದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಒಂದು ಸುಮ್ಮನೆ ಬಿದ್ದಿತ್ತು. ಇಲ್ಲಿಂದಲೇ ಫೋನು ಮಾಡಿದ. ಈಗಲೇ ಬಂದರೆ ಇಳಿಸಿ ಇಟ್ಟಿರುತ್ತೇನೆ ಎಂದರಂತೆ ಅವರು. ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಬೇರೆ ಯಾರಿಗೂ ಮಾರಬೇಡಿ ಎಂದು ಹಳೆಯ ಕಾರ್ಡನ್ನು ಇಲ್ಲೇ ಇಟ್ಟು ಅಗರದ ಕಡೆ ಹೊರಟ. ಏಳೂ ಕಾಲು.

"ನಾಳೀಕ್ ಓದ್ರಾಯ್ತದೆ ಅಂದ. ನಾನೇ, ಅರ್ಧ ಗಂಟೆ ದಾರಿ, ಇವತ್ತೇ ಓಗು ಅಂದೆ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಬೆಳಗಾನ ಸುದ್ದಿ ಬಂತು. ಅಂಗ್ಡಿ ಬಾಗ್ಲು ತೆಗುದ್ರೆ ಎದುರ್ಗೇ ಆ ಕಾರ್ಡು. ಸತ್ತೋರ್ ಸಾಮಾನು, ಅದೂ ನನ್ ಮಾತ್ ಕೇಳಿ ಓದೋನ್ದು. ಮಾರಕ್ಕಾಯ್ತದಾ, ಬಿಸಾಕಕ್ಕಾಯ್ತದಾ? ಎರಡ್ ದಿನ ನಿದ್ದೆ ಇಲ್ಲ. ಅದ್ಕೇ ಉಜ್ಜಿ, ಈಬೂತಿ ಇಟ್ಟು, ಇದ್ ಜಾಗುಕ್ಕೇ ಸೇರುಸ್ಬುಟ್ಟು ಬಂದೆ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

ಠಾಣೆ, ಹೇಳಿಕೆ, ಅಲೆದಾಟ ಎಂದು ಏನೇನೋ ಅಂದರು. ನನಗೆ ಅವರ ಕಪಾಟನ್ನು ಎಳೆದು ಕೆಡವಬೇಕೆನ್ನಿಸಿತು. ಒಂದು ತಗಡಿನ ಚೂರಿಗೆ ಹೆದರಿ ಎರಡು ದಿನ ನಿದ್ದೆಗೆಟ್ಟವರು, ಮೂರನೆಯ ದಿನ ಇಪ್ಪತ್ತೈದು ಕಿಲೋಮೀಟರು ಬಂದು ನನ್ನ ಅತ್ತೆಗೆ ಸುಳ್ಳು ಹೇಳಲು ಹೆದರಿರಲಿಲ್ಲ. ಸತ್ತವನ ಕಾರ್ಡನ್ನು ಹಿಂದಿರುಗಿಸಿದರು. ಅವನ ಹೆಸರನ್ನು ಊರ ಬಾಯಿಗೆ ಬಿಟ್ಟರು.

"ಬುಧವಾರದೊಳಗೆ ಇದನ್ನೆಲ್ಲ ಬರೆದು ಕೊಡಿ," ಎಂದೆ. "ಅವರು ಬಂದಿದ್ದು, ಎಷ್ಟು ಹೊತ್ತಿಗೆ ಹೊರಟಿದ್ದು, ಎಲ್ಲಿಗೆ, ಯಾಕೆ. ಕೊಡುವವರೆಗೆ ಕಾರ್ಡು ಇಲ್ಲೇ ಇರಲಿ."

ಅವರು ಕಾಗದ ಹುಡುಕಲು ಶುರುಮಾಡಿದರು. ಬಿಲ್ ಪುಸ್ತಕದ ಹಿಂಬದಿಯಲ್ಲಿ ಹದಿಮೂರು ಸಾಲು ಬರೆದು ಸಹಿ ಹಾಕಿದರು. ಓದಿ ಮಡಿಸಿಕೊಂಡೆ. ಕಾರ್ಡನ್ನು ಟವಲಿಗೆ ಸುತ್ತಿಕೊಂಡೆ.

ಮೆಟ್ಟಿಲಿಳಿಯುವಾಗ ಕರೆದರು. ಕೈಯಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ, ಅದಕ್ಕೊಂದು ಪುಟ್ಟ ಪರದೆ. ಎಸ್‌ಎಂಪಿಎಸ್ ಪರೀಕ್ಷೆ ಮಾಡುವ ಟೆಸ್ಟರು. ನಿಂಗರಾಜು ಅದನ್ನು ಮಾದಸ್ವಾಮಿಯಿಂದ ಹಿಂದೆಯೇ ಎರವಲು ತಂದು ಮನೆಯ ಡಬ್ಬವನ್ನು ಅಳೆದು ನೋಡಿದ್ದನಂತೆ. ವೋಲ್ಟು ಸರಿಯಿದೆ ಎಂದು ಅದು ತೋರಿಸಿತ್ತು. ಎಷ್ಟು ಭಾರ ಹೊರುತ್ತದೆ ಎನ್ನುವುದನ್ನು ಅದು ತೋರಿಸುವುದಿಲ್ಲ. ಆ ದಿನ ವಾದ ಮಾಡುತ್ತ ಕೌಂಟರಿನ ಮೇಲೆ ಇಟ್ಟವನು ಮರೆತು ಹೋದ.

"ಇದ್ನೂ ನಾನೇ ತಲುಪುಸ್ಬೇಕಿತ್ತು. ಅಗರುಕ್ ಓಗಕ್ಕೆ ಮುಖ ಇರ್ನಿಲ್ಲ."

*

ಯಳಂದೂರು ಬಸ್ಸಿನಲ್ಲಿ ಕಿಟಕಿಯ ಕಡೆ ಕೂರಲಿಲ್ಲ. ಆದರೂ ಮಾಂಬಳ್ಳಿಗೆ ಮುಂಚಿನ ತಿರುವು ಬಂದಾಗ ಕಣ್ಣು ಹೋಯಿತು. ಕಾಲುವೆಯಲ್ಲಿ ನೀರಿತ್ತು. ಏರಿಯ ಮೇಲೆ ಯಾರದೋ ಹಸು ಕಟ್ಟಿತ್ತು. ಆ ರಾತ್ರಿ ಎಂಟೂ ಕಾಲಿಗೆ ಈ ದಾರಿಯಲ್ಲಿ ಬಂದ ಬಸ್ಸಿನ ಡ್ರೈವರು ಬೈಕನ್ನೂ ಅವನನ್ನೂ ನೋಡಿ ಠಾಣೆಗೆ ಫೋನು ಮಾಡಿದ್ದ. ಆಗಲೇ ಉಸಿರು ಇರಲಿಲ್ಲ ಎಂದು ಡ್ರೈವರು ಬರೆಸಿದ್ದಾನೆ.

ಆದರೆ ಈಗ ನನಗೆ ಒಂದು ಗೊತ್ತಿತ್ತು. ಅವನು ಹೆಂಗಸಿನ ಮನೆಗೆ ಹೊರಟಿರಲಿಲ್ಲ. ಒಂದು ಹಳೆಯ ಎಸ್‌ಎಂಪಿಎಸ್ ತರಲು ಹೊರಟಿದ್ದ. ಅಳು ಬರುತ್ತದೇನೋ ಎಂದು ನೋಡಿದೆ. ಸಿಟ್ಟು ಬಂತು. ಇಷ್ಟಕ್ಕಾಗಿ?

ಅಗರದಲ್ಲಿ ಇಳಿದು ಕೇಳಿದೆ. ಬ್ರೌಸಿಂಗ್ ಮಾದಸ್ವಾಮಿ ಎಂದರೆ ಎಲ್ಲರಿಗೂ ಗೊತ್ತು. ಅವರು ಜಗಲಿಯ ಮೇಲೆ ಮೇವಿನ ಕತ್ತಿ ಮಸೆಯುತ್ತಿದ್ದರು. ನಿಂಗರಾಜುವಿನ ಮನೆಯವಳು ಎಂದೊಡನೆ ಕತ್ತಿ ಬದಿಗಿಟ್ಟು, ಚಾಪೆ ತಂದು ಹಾಸಿದರು. ಕಾಲುವೆಯಲ್ಲಿ ಸಿಕ್ಕಿದವನು ಅವನೇ ಎಂದು ತಮಗೆ ತಿಳಿದದ್ದು ನಾಲ್ಕು ದಿನದ ಮೇಲೆ ಎಂದರು. ಹನೂರಿಗೆ ಬರಬೇಕೆಂದು ಹೊರಟು ಎರಡು ಸಲ ನಿಂತೆ ಎಂದರು. ಎಸ್‌ಎಂಪಿಎಸ್ ಇನ್ನೂ ಒಂದು ಗೋಣಿಚೀಲದಲ್ಲಿ ಬಾಗಿಲ ಹಿಂದೆ ಇತ್ತು.

"ಇಳ್ಸಿ, ಧೂಳ್ ಒಡ್ದು ಮಡಗಿದ್ದೆ ಕಣ್ ತಂಗಿ. ಎಂಟಾಯ್ತು, ಎಂಟೂವರೆ ಆಯ್ತು. ಬರ್ನಿಲ್ಲ."

"ಆಮೇಲೆ?"

"ಆಮೇಲೆ ಫೋನ್ ಮಾಡುದ್ನಲ್ಲ." ಅವರು ನನ್ನ ಕಡೆ ಆಶ್ಚರ್ಯದಿಂದ ನೋಡಿದರು. "ನಾವಿಬ್ರೂ ಮಾತಾಡ್ದೋ ಅಲ್ವಾ?"

ನಿಂಗರಾಜುವಿನ ಮೊಬೈಲು ಇವತ್ತಿಗೂ ಸಿಕ್ಕಿಲ್ಲ. ಕಾಲುವೆಯಲ್ಲಿ ಮುಳುಗಿದೆ ಎಂದು ಠಾಣೆಯವರು ಬರೆದುಕೊಂಡಿದ್ದಾರೆ.

"ಎಷ್ಟು ಹೊತ್ತಿಗೆ ಮಾಡಿದ್ರಿ, ಅಣ್ಣ?"

ಅವರು ಜೇಬಿನಿಂದ ಫೋನು ತೆಗೆದು, ಹೆಬ್ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಸಿ, ನನ್ನ ಕಡೆ ತಿರುಗಿಸಿದರು. ಹನೂರು ನಿಂಗರಾಜು. ಗುರುವಾರ. ರಾತ್ರಿ ಒಂಬತ್ತು ಹನ್ನೆರಡು. ನಲವತ್ತೊಂದು ಸೆಕೆಂಡು.

"ಯಾರು ಎತ್ತಿದ್ರು?"

"ಹೆಣ್ಮಗಳು ಎತ್ತುದ್ರು. ನಿಧಾನುಕ್ ಮಾತಾಡುದ್ರು. 'ಅವ್ರು ಊಟ ಮಾಡಿ ಮನಿಕಂಡವ್ರೆ, ನಾಳೆ ಬತ್ತಾರೆ, ನೀವು ಕಾಯ್ಬ್ಯಾಡಿ ಮಾದಸ್ವಾಮಣ್ಣ' ಅಂದ್ರು. ಆಗ್ಲಿ ಕಣ್ ತಂಗಿ ಅಂದು ನಾನೂ ಮನಿಕಂಡೆ." ಅವರ ದನಿ ಮೆಲ್ಲಗೆ ಇಳಿಯಿತು. "ಅದು ನೀವಲ್ವಾ?"

ಬಸ್ಸಿನ ಡ್ರೈವರು ಅವನ ಹೆಣ ಕಂಡು ಆ ಹೊತ್ತಿಗೆ ಒಂದು ಗಂಟೆಯಾಗಿತ್ತು. ಇವರ ಹೆಸರನ್ನು ನಾನು ಮೊದಲ ಸಲ ಕೇಳಿ ಇನ್ನೂ ಎರಡು ಗಂಟೆ ಆಗಿರಲಿಲ್ಲ.

ನನ್ನ ಚೀಲದ ತಳದಲ್ಲಿದ್ದ ಟೆಸ್ಟರನ್ನು ಹುಡುಕಿ ತೆಗೆದೆ. ವೈರನ್ನು ಸುತ್ತಿ, ಅವರು ಕೈ ಚಾಚುವವರೆಗೂ ಹಿಡಿದುಕೊಂಡಿದ್ದೆ.

"ಇದು ನಿಮ್ಮದು," ಎಂದೆ. "ಎರವಲು ತಂದಿದ್ದರಂತೆ."